ಟೆಲಿವಿಷನ್ ಲೈಸೆನ್ಸು: ಕೊಟ್ಟದ್ದೆಷ್ಟು, ಪಡೆದದ್ದೆಷ್ಟು?



ರೇಡಿಯೊ ಪೆಟ್ಟಿಗೆಯೊಂದನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೂ ಸರ್ಕಾರದ ಅಪ್ಪಣೆ ಬೇಕಾಗಿದ್ದ ಕಾಲವೊಂದಿತ್ತೆಂದರೆ ಇಂದಿನ ಹುಡುಗರು ನಕ್ಕಾರು. 1933ರ ಶಾಸನದಂತೆ ಲೈಸೆನ್ಸಿಲ್ಲದೆ ರೇಡಿಯೊ ಇಟ್ಟುಕೊಳ್ಳುವುದು ಅಪರಾಧವಾಗಿತ್ತು. ವರ್ಷಕ್ಕೊಮ್ಮೆ ಅಂಚೆಕಚೇರಿಗೆ ಹೋಗಿ, ಹಣ ಕಟ್ಟಿ, ಸಣ್ಣ ಪುಸ್ತಕವೊಂದರಲ್ಲಿ ಅದನ್ನು ದಾಖಲು ಮಾಡಿಸಿಕೊಂಡು ಬರಬೇಕಾಗಿತ್ತು. ಟೆಲಿವಿಷನ್ ಬಂದ ಮೇಲೆ ಅದಕ್ಕೂ ಇದೇ ಕಟ್ಟಳೆ. 1980ರ ದಶಕದ ನಡುಭಾಗದಲ್ಲಿ ಈ ಲೈಸೆನ್ಸು ರದ್ದಾದಾಗ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಯಾವ ಮನೆಯಲ್ಲಿಯೂ ಯಾರೂ ಮರುಗಿರಲಾರರು. ಹೋದ ಸುಂಕಕ್ಕೆ ಅಳುವವರುಂಟೆ? ಆದರೆ ಸುಂಕದೊಡನೆ ಮತ್ತೇನಾದರೂ ಹೋಯಿತೆ ಎಂಬುದನ್ನು ವಿಚಾರಿಸತಕ್ಕದ್ದು ಉಚಿತವಾಗಿದೆ.

ಪ್ರಸಾರವೆಂಬುದು ಎಂದೂ ಪುಕ್ಕಟೆಯಾಗಿ ನಡೆದದ್ದಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಗಳು ತಮ್ಮ ಮನೆ 'ವಿಠಲ ವಿಹಾರ'ದಲ್ಲಿ 30 ವ್ಯಾಟಿನ ಪುಟ್ಟ ಯಂತ್ರವೊಂದನ್ನಿಟ್ಟುಕೊಂಡು 'ಆಕಾಶವಾಣಿ'ಯನ್ನು ಆರಂಭಿಸಿದರು. ಕೇಳುವವರು ಕಾಸು ಕೊಡಲಿಲ್ಲ; ಆದರೆ ಯಾರೋ ಕೊಡಲೇಬೇಕಾಗಿತ್ತಷ್ಟೆ. ಮೊದಲ ಕೆಲವು ವರ್ಷಗಳ ಭಾರ ಬಹುಮಟ್ಟಿಗೆ ಆ ಮಹನೀಯರ ಮೇಲೆಯೇ ಬಿತ್ತು. ಬಳಿಕ ಮೈಸೂರು ಸಂಸ್ಥಾನದ ಸರ್ಕಾರವೂ, 1950ರಲ್ಲಿ ಭಾರತ ಸರ್ಕಾರವೂ ಅದನ್ನು ವಹಿಸಿಕೊಂಡವು. ಒಬ್ಬ ಅಧ್ಯಾಪಕನ ಸಂಬಳದಲ್ಲಿ ಒಂದು ಸೀಮೆಯ ಕಿವಿಯನ್ನು ಎಷ್ಟು ದಿನ ತಣಿಸಬಹುದು?

ಹಣ ಕೊಡತಕ್ಕವರು ಮೂವರೇ: ಸರ್ಕಾರ, ವ್ಯಾಪಾರಿ, ಇಲ್ಲವೆ ನೋಡುಗ. ನೋಡುಗನೇ ಕೊಡುವ ಪದ್ಧತಿಯನ್ನು ಇಂಗ್ಲೆಂಡು ಇಂದಿಗೂ ಬಿಟ್ಟಿಲ್ಲ. ಅಲ್ಲಿ ರೇಡಿಯೊ ಲೈಸೆನ್ಸು 1922ರಲ್ಲಿ ಹತ್ತು ಷಿಲಿಂಗಿನದು. 1946ರಲ್ಲಿ ಟೆಲಿವಿಷನ್ ಸೇರಿ ಎರಡು ಪೌಂಡಿನದು. 2024ರ ಏಪ್ರಿಲಿನಲ್ಲಿ ಅದು ಮನೆಯೊಂದಕ್ಕೆ 169 ಪೌಂಡು 50 ಪೆನ್ಸಾಗಿತ್ತು. ಅಂದಿನ ನಮ್ಮ ಲೆಕ್ಕದಲ್ಲಿ ಸುಮಾರು ಹದಿನೆಂಟು ಸಾವಿರ ರೂಪಾಯಿ! ನಮ್ಮ ಪ್ರಸಾರ ಭಾರತಿಗೆ ಕೇಂದ್ರದ ಬೊಕ್ಕಸದಿಂದ ವರ್ಷಕ್ಕೆ ಹೋಗುವುದು ಎರಡೂವರೆ ಸಾವಿರ ಕೋಟಿಯ ಆಸುಪಾಸು. ನೂರನಲವತ್ತು ಕೋಟಿ ಜನರಿಗೆ ಹಂಚಿದರೆ ತಲೆಗೆ ಹದಿನೆಂಟು ರೂಪಾಯಿ. ಒಂದು ಲೋಟ ಕಾಫಿಯ ಹಣವೆನ್ನಿ. ಇಷ್ಟು ಕೊಟ್ಟು ಆಕಾಶವಾಣಿ, ದೂರದರ್ಶನ, ಕನ್ನಡದ ಚಂದನ, ತಿಂಗಳ ಚಂದಾ ಇಲ್ಲದ ಫ್ರೀ ಡಿಶ್ ಇವೆಲ್ಲವನ್ನೂ ಪಡೆಯುವುದು ಲಾಭವೆಂಬುದರಲ್ಲಿ ಸಂಶಯವಿಲ್ಲ.

ಆದರೆ ನ್ಯಾಯವೆಂಬುದು ಮೊತ್ತದ ಮಾತಷ್ಟೇ ಅಲ್ಲ. ಇಂಗ್ಲೆಂಡಿನ ಪದ್ಧತಿಯ ದೊಡ್ಡ ಕುಂದು ಸಿರಿವಂತನಿಗೂ ಬಡವನಿಗೂ ಒಂದೇ ದರವೆಂಬುದು. ಕೊಡದಿರುವುದು ಅಲ್ಲಿ ಅಪರಾಧ. ಹೀಗೆ ಶಿಕ್ಷೆಗೊಳಗಾದವರಲ್ಲಿ ಇತ್ತೀಚಿನ ವರ್ಷಗಳಲ್ಲಿ ಬಹುಪಾಲು ಹೆಂಗಸರು. ತಪಾಸಣೆಯವನು ಬಾಗಿಲು ತಟ್ಟುವ ಹೊತ್ತಿನಲ್ಲಿ ಮನೆಯಲ್ಲಿರುವವಳು ಅವಳೇ ತಾನೆ! ಅಂಥ ದರವನ್ನು ಕೋಟೆ ಸೀಮೆಯ ಹಾಡಿಯಲ್ಲಿರುವ ಜೇನುಕುರುಬನ ಮೇಲೂ, ಕೃಷ್ಣರಾಜನಗರದಲ್ಲಿ ನಾಲೆಯ ನೀರುಂಡ ಗದ್ದೆಗಳ ಒಡೆಯನ ಮೇಲೂ ಸರಿಸಮನಾಗಿ ಹೇರುವುದನ್ನು ನ್ಯಾಯವೆನ್ನಲು ನನ್ನಿಂದಾಗದು.

ಹಾಗಾದರೆ ಜಾಹೀರಾತಿಗೆ ಬಿಡೋಣವೆ? ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹರಾಜುಕಟ್ಟೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಬೆಳೆದವನೊಬ್ಬ, ಕೊಳ್ಳುವವನೊಬ್ಬ, ನಡುವೆ ಬೇಲು. ಜಾಹೀರಾತಿನಿಂದ ನಡೆಯುವ ಪ್ರಸಾರದಲ್ಲಿ ಮಾರುವವರು ವಾಹಿನಿಯವರು, ಕೊಳ್ಳುವವರು ವ್ಯಾಪಾರಿಗಳು, ನಾವು ಬೇಲು. ದರ್ಜೆ ಕಡಿಮೆಯಾದ ಬೇಲನ್ನು ಯಾರೂ ಕೂಗುವುದಿಲ್ಲ. ಸಾಬೂನು ಕೊಳ್ಳಲು ಕೈಯಲ್ಲಿ ಕಾಸಿಲ್ಲದ ಹಾಡಿಯ ಮುದುಕಿ ಯಾವ ವಾಹಿನಿಯ ಲೆಕ್ಕದಲ್ಲಿದ್ದಾಳು? ಮುಂಗಾರಿಗೆ ಮುನ್ನ ಮಳೆ ಬೀಳುವುದೆ, ಹೊಗೆಸೊಪ್ಪಿನ ಸಸಿ ನಾಟಿಮಾಡಬಹುದೆ, ಕಬಿನಿಯ ಅಣೆಕಟ್ಟೆಯಿಂದ ಎಷ್ಟು ನೀರು ಬಿಟ್ಟರು — ಈ ಸುದ್ದಿಗಳಿಂದ ವ್ಯಾಪಾರಿಗೆ ಬರುವುದೇನೂ ಇಲ್ಲ. ನಮಗೆ ಬೆಳೆಯೂ ಬದುಕೂ ಅದರಲ್ಲಿವೆ. 2012ರಲ್ಲಿ ಅಂದಿನ ಕೋಟೆ ತಾಲ್ಲೂಕಿನ ಸರಗೂರಿನಲ್ಲಿ 'ಜನಧ್ವನಿ'ಯೆಂಬ ಸಮುದಾಯ ಬಾನುಲಿ ಹುಟ್ಟಿದ್ದು ಇಂಥ ಕೊರತೆಯನ್ನು ತುಂಬುವುದಕ್ಕೆ. ಅದನ್ನು ಕಟ್ಟಿದ್ದು ಒಂದು ಸೇವಾಸಂಸ್ಥೆ. ಸರ್ಕಾರವಲ್ಲ, ವ್ಯಾಪಾರಿಯೂ ಅಲ್ಲ.

ಉಳಿದದ್ದು ಬೊಕ್ಕಸ. ಪ್ರಸಾರ ಭಾರತಿಯನ್ನು ಸ್ವತಂತ್ರವಾಗಿಸುವ ಕಾಯಿದೆ 1990ರದು. ಜಾರಿಗೆ ಬಂದದ್ದು 1997ರಲ್ಲಿ. ಸ್ವಾತಂತ್ರ್ಯ ಕಾಗದದ ಮೇಲಿದೆ. ಸಂಬಳ ಮಾತ್ರ ಸರ್ಕಾರದ ಕೈಯಿಂದ ಬರುತ್ತಿದೆ. ಉಪ್ಪುಂಡ ಮನೆಗೆ ಎರಡೆಣಿಸಬಾರದೆಂದು ನಮ್ಮ ಹಿರಿಯರು ಕಲಿಸಿರುವಾಗ, ಆಳುವವರ ಉಪ್ಪುಂಡ ಸಂಸ್ಥೆಯು ಆಳುವವರ ತಪ್ಪನ್ನು ಎತ್ತಿ ಹೇಳಲೆಂದು ನಿರೀಕ್ಷಿಸುವುದು ಹೇಗೆ? ಇಲ್ಲಿಯೇ ಹಳೆಯ ಲೈಸೆನ್ಸಿನ ನಿಜವಾದ ಬೆಲೆ ಇದ್ದಿತೆಂದು ನನ್ನ ಮತ. ನಮ್ಮಲ್ಲಿ ಆ ಹಣವೂ ಸರ್ಕಾರಕ್ಕೇ ಸೇರುತ್ತಿತ್ತೆಂಬುದು ನಿಜ. ಆದರೂ ಅಂಚೆಕಚೇರಿಯಲ್ಲಿ ಹಣ ಕಟ್ಟಿ ಬಂದವನು "ನನ್ನ ಹಣಕ್ಕೆ ಇದೇನು ಕಾರ್ಯಕ್ರಮ?" ಎಂದು ಗದರಬಹುದಾಗಿತ್ತು. ಇಂದು ತಲೆಗೆ ಹದಿನೆಂಟು ರೂಪಾಯಿ ತೆತ್ತೂ, ತೆತ್ತೆವೆಂಬ ಅರಿವೇ ನಮಗಿಲ್ಲ. ಅರಿವಿಲ್ಲದವನು ಲೆಕ್ಕ ಕೇಳುವನೆ?

ಫಿನ್ಲೆಂಡು 2013ರಲ್ಲಿ ಲೈಸೆನ್ಸನ್ನು ತೆಗೆದುಹಾಕಿ, ವರಮಾನಕ್ಕೆ ತಕ್ಕಂತೆ ಏರುವ ಪ್ರಸಾರ ತೆರಿಗೆಯನ್ನು ತಂದಿತು. ಬಡವರಿಗೆ ವಿನಾಯಿತಿ, ಉಳ್ಳವರಿಗೂ ಒಂದು ಮೇಲ್ಮಿತಿ. ಹಣಕ್ಕೆ ಪ್ರತ್ಯೇಕ ನಿಧಿ. ನಮಗೆ ಹೊಂದುವ ಮಾದರಿ ಇದೆಂದು ತೋರುತ್ತದೆ. 2011ರ ಜನಗಣತಿಯಂತೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹತ್ತು ಲಕ್ಷ ಜನಕ್ಕೆ ಕಡಿಮೆಯಿಲ್ಲ. ಎರಡು ಲಕ್ಷ ಸಂಸಾರಗಳೆನ್ನೋಣ. ಅರ್ಧದಷ್ಟು ಮನೆಗಳನ್ನು ಬಿಟ್ಟು, ಉಳಿದವು ವರ್ಷಕ್ಕೆ ನೂರು ರೂಪಾಯಿ ಕೊಟ್ಟರೂ ಒಂದು ಕೋಟಿ. ಆ ಕೋಟಿಯಲ್ಲಿ ಇಂತಿಷ್ಟು ಪಾಲು ಈ ಸೀಮೆಯ ಸುದ್ದಿಗೆ, ಇಲ್ಲಿನ ಹಾಡಿಗಳ ನುಡಿಗೆ ಮೀಸಲೆಂದು ಕಾಯಿದೆಯಲ್ಲಿಯೇ ಬರೆದಿರಬೇಕು. ವರ್ಷಕ್ಕೊಮ್ಮೆ ಅದರ ಖರ್ಚುವೆಚ್ಚವನ್ನು ದೆಹಲಿಯಲ್ಲಲ್ಲ, ತಾಲ್ಲೂಕು ಕೇಂದ್ರದಲ್ಲಿ, ಕೊಟ್ಟವರೂ ಕೊಡಲಾರದವರೂ ಕುಳಿತು ಕೇಳುವಂತೆ ಓದಬೇಕು. ಅಂಥ ನೂರು ರೂಪಾಯಿಯನ್ನು ನಾನಂತೂ ಗೊಣಗದೆ ಕೊಟ್ಟೇನು.