ಹಸುಗೂಸಿನ ಪಾಪ

ಆಗತಾನೇ ಹುಟ್ಟಿದ ಕೂಸು ಪಾಪಿಯೇ? ಐದನೆಯ ಶತಮಾನದ ಆರಂಭದಲ್ಲಿ ಕ್ರೈಸ್ತ ಜಗತ್ತನ್ನು ಕಾಡಿದ ಪ್ರಶ್ನೆ ಇದು. ಪಾಪ ಅವರವರೇ ಮಾಡುವ ಕೃತ್ಯ, ಮೊದಲ ಮನುಷ್ಯ ಆದಾಮನದು ಕೆಟ್ಟ ಮಾದರಿ ಅಷ್ಟೇ ಎಂದ, ಬ್ರಿಟನ್ನಿನ ವಿರಕ್ತ ಪೆಲಾಜಿಯಸ್. ಉತ್ತರ ಆಫ್ರಿಕಾದ ಹಿಪ್ಪೋ ನಗರದ ಬಿಷಪ್ ಅಗಸ್ಟೀನ್ ಒಪ್ಪಲಿಲ್ಲ. ಆದಾಮನ ದೋಷ ಹುಟ್ಟಿನಿಂದಲೇ ಎಲ್ಲರಿಗೂ ಅಂಟಿದೆ, ದೇವರ ಕೃಪೆಯಿಲ್ಲದೆ ವಿಶ್ವಾಸ ಕೂಡ ಚಿಗುರದು ಎಂದರು. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪ್‌ಗಳ ಸಭೆ ಅವರ ಪರ ನಿಂತಿತು.

ಅಗಸ್ಟೀನರ ಮಾತಿನಲ್ಲಿ ಸತ್ಯವಿದೆ. ಒಳ್ಳೆಯದು ಗೊತ್ತಿದ್ದೂ ಕೆಟ್ಟದ್ದಕ್ಕೆ ಜಾರುವ ಮನಸ್ಸನ್ನು ಅವರು ತಮ್ಮೊಳಗೇ ಕಂಡಿದ್ದರು. ಆದರೆ ಆ ದೋಷವನ್ನು ತೊಳೆಯುವ ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಶಿಶುವಿಗೂ, ಅತಿ ಸೌಮ್ಯವಾದರೂ, ಶಿಕ್ಷೆಯುಂಟು ಎಂದರಲ್ಲ, ಅದನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಎಷ್ಟು ತಾಯಂದಿರು ಆ ಭಯವನ್ನು ಹೊತ್ತು ಬದುಕಿರಬೇಕು! ತಂದೆಯ ದೋಷವನ್ನು ಮಗ ಹೊರಬೇಕಿಲ್ಲವೆಂದು ಪ್ರವಾದಿ ಯೆಹೆಜ್ಕೇಲ ಅಗಸ್ಟೀನರಿಗೂ ಸುಮಾರು ಸಾವಿರ ವರ್ಷ ಮೊದಲೇ ಸಾರಿದ್ದ. ಆದಾಮನಿಂದ ಬಂದದ್ದು ಮರಣ, ಅಪರಾಧವಲ್ಲ ಎನ್ನುತ್ತವೆ ಪೂರ್ವದ ಆರ್ಥೊಡಾಕ್ಸ್ ಸಭೆಗಳು. ಜ್ಞಾನಸ್ನಾನವಿಲ್ಲದೆ ತೀರಿಕೊಂಡ ಶಿಶುಗಳ ಮುಕ್ತಿಗಾಗಿ ಭರವಸೆಯಿಡಲು ಕಾರಣಗಳಿವೆ ಎಂದು 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗವೂ ಹೇಳಿತು.

ಕೂಸು ಕಳೆದುಕೊಂಡ ತಾಯಿ ಎದುರಾದಾಗ, ನೀವು ಯಾವ ಧರ್ಮದವರೇ ಆಗಿರಿ, ದಯವಿಟ್ಟು ಪಾಪದ ಲೆಕ್ಕ ಹೇಳಬೇಡಿ.