ಮುಚ್ಚುವ ಮೊದಲು ಒಮ್ಮೆ ನೋಡೋಣ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಈ ತಿಂಗಳ ವಿಷಯ ‘ಮನೆ ಅಲಂಕಾರ’ ಎಂದು ಸಂಚಾಲಕಿಯವರು ಹೇಳಿದಾಗ ನನಗೆ ನಗು ಬಂತು. ಪುಣೆಯಲ್ಲಿ ನಾನಿರುವುದು ಬಾಡಿಗೆ ಮನೆಯಲ್ಲಿ. ಒಂದು ಮೊಳೆ ಹೊಡೆಯಬೇಕಾದರೂ ಓನರನ್ನು ಕೇಳಬೇಕು. ಓದಿದ್ದು ಕಂಪ್ಯೂಟರ್ ಸೈನ್ಸಿನಲ್ಲಿ ಎಂಟೆಕ್, ಮಾಡುವುದು ಸಾಫ್ಟ್‌ವೇರ್ ಕೆಲಸ. ಆದರೂ ನಾನು ಕೈಯಾರೆ ಅಲಂಕರಿಸಿದ ಮನೆಯೊಂದು ಇದೆ. ಅದು ಇರುವುದು ಅಮೆರಿಕದ ಓಹಾಯೋ ರಾಜ್ಯದಲ್ಲಿ, ಅದಕ್ಕೆ ಆರು ಚಕ್ರಗಳಿವೆ.

2019ರಲ್ಲಿ ಕಂಪನಿಯ ಕೆಲಸದ ಮೇಲೆ ಎಂಟು ತಿಂಗಳು ಕೊಲಂಬಸ್ ನಗರದಲ್ಲಿದ್ದೆ. ಅಲ್ಲಿಯೇ ನೆಲೆಸಿರುವ ನಮ್ಮ ಅಕ್ಕ ಮತ್ತು ಭಾವ ಆ ವರ್ಷ ಒಂದು ಹಳೆಯ ಮೋಟರ್‌ಹೋಮ್ ಕೊಂಡಿದ್ದರು. 2000ನೇ ಇಸವಿಯ ಮಾಡೆಲ್, ಫೋರ್ಡ್ ಇ-450 ಚಾಸಿಸ್. ಡ್ರೈವರ್ ತಲೆಯ ಮೇಲೆ ಮುಂದಕ್ಕೆ ಚಾಚಿಕೊಂಡ ಅಟ್ಟದಂಥ ಹಾಸಿಗೆ, ನಡುವೆ ಊಟದ ಮೇಜು, ಪುಟ್ಟ ಅಡುಗೆಮನೆ, ಹಿಂದೆ ಮಲಗುವ ಕೋಣೆ, ಬಚ್ಚಲು. ಜುಲೈ ತಿಂಗಳಲ್ಲಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಯೆಲ್ಲೋಸ್ಟೋನ್‌ಗೆ ಹೋಗುವುದು ಎಂದು ನಿಶ್ಚಯವಾಗಿತ್ತು.

ಅಮೆರಿಕದಲ್ಲಿ ಇಂಥ ವಾಹನಗಳದ್ದೇ ಒಂದು ಲೋಕವಿದೆ. ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯ ವಿನಿಬೇಗೊ ಕಂಪನಿ 1966ರಲ್ಲಿ ಮೋಟರ್‌ಹೋಮ್ ತಯಾರಿಸತೊಡಗಿತು. ನಾವು ವನಸ್ಪತಿಯನ್ನೆಲ್ಲ ‘ಡಾಲ್ಡಾ’ ಎಂದಂತೆ ಅಲ್ಲಿ ಎಷ್ಟೋ ಜನ ಮೋಟರ್‌ಹೋಮನ್ನೇ ‘ವಿನಿಬೇಗೊ’ ಎನ್ನುತ್ತಿದ್ದರು. ಇಂಡಿಯಾನಾದ ಎಲ್ಕ್‌ಹಾರ್ಟ್ ಊರಂತೂ ಈ ಉದ್ಯಮದ ರಾಜಧಾನಿ. ಅಲ್ಲಿ ಇದಕ್ಕೆಂದೇ ಒಂದು ಮ್ಯೂಸಿಯಂ ಇದೆ, ಹಳೆಯ ಬಿಡಿಭಾಗ ಮಾರುವ ಅಂಗಡಿಗಳಿವೆ.

ಅಕ್ಕನ ಗಾಡಿಯ ಇಂಜಿನ್ ಚೆನ್ನಾಗಿತ್ತು. ಒಳಾಂಗಣ ಮಾತ್ರ ಹಳೆಯ ಮದುವೆ ಹಾಲ್‌ನಂತೆ ಕಾಣುತ್ತಿತ್ತು. ಗೋಡೆಗೆ ತಿಳಿ ಹೂವಿನ ಕಾಗದ, ಅದರ ಮೇಲೆ ಸುತ್ತಲೂ ಗಾಢ ಹಸಿರು ಬಣ್ಣದ ಅಂಚುಪಟ್ಟಿ. ಪ್ರತಿ ಕಿಟಕಿಯ ಮೇಲೆ ಸ್ಪಂಜು ತುಂಬಿ ಬಟ್ಟೆ ಸುತ್ತಿದ ಪೆಟ್ಟಿಗೆಯಂಥ ಝಾಲರಿ. ಜೇನು ಬಣ್ಣದ ಕಪಾಟುಗಳು, ಹಿತ್ತಾಳೆ ಮೆರುಗಿನ ಹಿಡಿಗಳು, ಹಳದಿ ಬೆಳಕಿನ ಬಲ್ಬುಗಳು, ಯಾವ ಬಣ್ಣವೆಂದು ಹೇಳಲಾಗದ ಕಾರ್ಪೆಟ್ಟು. ‘ಇದನ್ನೆಲ್ಲ ಬದಲಾಯಿಸೋಣ, ನೀನೂ ಇದ್ದೀಯಲ್ಲ’ ಎಂದಳು ಅಕ್ಕ. ಬಜೆಟ್ ಮೂರು ಸಾವಿರ ಡಾಲರ್. ‘ಬಣ್ಣ, ಬಟ್ಟೆ ನಿಮ್ಮ ಡಿಪಾರ್ಟ್‌ಮೆಂಟ್. ಇಂಜಿನ್, ಬ್ರೇಕು ನಂದು’ ಎಂದರು ಭಾವ. ಹಾರ್ಡ್‌ವೇರ್ ಅಂಗಡಿಯಲ್ಲೂ ಹಾಗೆಯೇ ಆಯಿತು. ಪ್ರಶ್ನೆ ಕೇಳುತ್ತಿದ್ದುದು ಅಕ್ಕ, ಅಂಗಡಿಯವನು ಉತ್ತರ ಕೊಡುತ್ತಿದ್ದುದು ಭಾವನ ಮುಖ ನೋಡಿ!

ಈ ಬಣ್ಣ-ಬಟ್ಟೆಯ ಕೆಲಸದೊಳಗೆ ಎಷ್ಟು ಇಂಜಿನಿಯರಿಂಗ್ ಇದೆ ಎನ್ನುವುದನ್ನೇ ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲನೆಯದು ಗೋಡೆ. ನಮ್ಮ ಮನೆಯ ಗೋಡೆ ಇಟ್ಟಿಗೆ-ಸಿಮೆಂಟಿನದು. ಮೋಟರ್‌ಹೋಮಿನ ಗೋಡೆ ಎಂದರೆ ಮೂರು ಮಿಲಿಮೀಟರ್ ದಪ್ಪದ ಪ್ಲೈವುಡ್. ಅದರ ಮೇಲಿನ ಹೂವಿನ ಕಾಗದವನ್ನು ಫ್ಯಾಕ್ಟರಿಯಲ್ಲೇ ಹಲಗೆಗೆ ಅಂಟಿಸಿ ಒಂದಾಗಿ ಮಾಡಿರುತ್ತಾರೆ. ಕಿತ್ತರೆ ಕಾಗದದ ಜೊತೆ ಮರದ ಸಿಪ್ಪೆಯೂ ಬರುತ್ತದೆ. ಆದ್ದರಿಂದ ಅದನ್ನು ಕೀಳಬಾರದು. ಜಿಡ್ಡು ತೊಳೆದು, 220 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ನುಣುಪಾದ ಮೇಲ್ಮೈಗೂ ಹಿಡಿದುಕೊಳ್ಳುವ ಪ್ರೈಮರ್ ಹಚ್ಚಿ, ಅದರ ಮೇಲೆ ಬಣ್ಣ ಬಳಿಯಬೇಕು. ಅಂಚುಪಟ್ಟಿಯನ್ನು ಮಾತ್ರ ಆಮೇಲೆ ಬೇರೆಯಾಗಿ ಅಂಟಿಸಿರುತ್ತಾರೆ. ಹೇರ್ ಡ್ರೈಯರಿನಿಂದ ಬಿಸಿ ಮಾಡಿದರೆ ಅದು ಬಾಳೆನಾರಿನ ಹಾಗೆ ಉದ್ದಕ್ಕೆ ಬಿಡಿಸಿಕೊಂಡು ಬರುತ್ತದೆ.

ಎರಡನೆಯದು ತೂಕ. ಕಪಾಟಿನ ಬಾಗಿಲ ಒಳಗೆ ಒಂದು ಚೀಟಿ ಇತ್ತು. ಗಾಡಿ ತನ್ನ ಮೈತೂಕದ ಮೇಲೆ ಇನ್ನೆಷ್ಟು ಹೊರಬಹುದು ಎಂಬ ಲೆಕ್ಕ. ನಮ್ಮದಕ್ಕೆ ಸುಮಾರು 680 ಕಿಲೋ. ಕೇಳಲು ತುಂಬ ಅನ್ನಿಸುತ್ತದೆ. ಟ್ಯಾಂಕಿನ ನೀರು 150 ಕಿಲೋ, ನಾಲ್ಕು ಜನ 220 ಕಿಲೋ ಎಂದು ಕಳೆದರೆ ಉಳಿಯುವುದು 310. ಅದರಲ್ಲೇ ಪಾತ್ರೆ, ದಿನಸಿ, ಬಟ್ಟೆ, ಸೈಕಲ್ಲು ಎಲ್ಲ ಆಗಬೇಕು. ಅಕ್ಕನಿಗೆ ನೆಲಕ್ಕೆ ಸೆರಾಮಿಕ್ ಟೈಲ್ಸ್ ಬೇಕಿತ್ತು. ಟೈಲ್ಸ್ ಚದರ ಮೀಟರಿಗೆ ಸುಮಾರು 20 ಕಿಲೋ ತೂಗುತ್ತದೆ. ಎಂಟು ಚದರ ಮೀಟರಿಗೆ 160 ಕಿಲೋ, ಅಂಟು ಬೇರೆ. ಎಂದರೆ ಊಟ-ಬಟ್ಟೆಯ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ನೆಲಕ್ಕೇ ಹೋಯಿತು. ಹೊರಲಾರದ ತೂಕ ಹೇರಿದರೆ ಟೈರು, ಬ್ರೇಕು ಎರಡಕ್ಕೂ ಅಪಾಯ. ಮೇಲಾಗಿ, ಓಡುವಾಗ ಗಾಡಿಯ ಮೈ ಬಳುಕುತ್ತದೆ, ಟೈಲ್ಸ್ ಬಳುಕುವುದಿಲ್ಲ, ಬಿರಿಯುತ್ತದೆ. ಕೊನೆಗೆ ಹಾಕಿದ್ದು ತೆಳು ವಿನೈಲ್ ಹಾಸು, ಒಟ್ಟು ಇಪ್ಪತ್ತು-ಇಪ್ಪತ್ತೈದು ಕಿಲೋ. ಆ ದಿನದಿಂದ ಬ್ರೇಕಿನ ಮಾತು ಭಾವನ ಡಿಪಾರ್ಟ್‌ಮೆಂಟಿನಲ್ಲಿ ಮಾತ್ರ ಉಳಿಯಲಿಲ್ಲ ನೋಡಿ.

ಮೂರನೆಯದು ಬೆಂಕಿ. ಗ್ಯಾಸ್ ಒಲೆಯಿಂದ ಹಾಸಿಗೆಗೆ ನಾಲ್ಕು ಹೆಜ್ಜೆ. ಅಮೆರಿಕದ ಫೆಡರಲ್ ವಾಹನ ಸುರಕ್ಷತಾ ಮಾನದಂಡ 302ರ ಪ್ರಕಾರ ವಾಹನದೊಳಗಿನ ಬಟ್ಟೆ, ಸ್ಪಂಜುಗಳ ಮೇಲೆ ಜ್ವಾಲೆ ನಿಮಿಷಕ್ಕೆ 102 ಮಿಲಿಮೀಟರಿಗಿಂತ ವೇಗವಾಗಿ ಹರಡಬಾರದು. ಇದು ವಾಹನ ತಯಾರಿಸುವವರಿಗೆ. ಆಮೇಲೆ ನಾವು ತಂದು ತೂಗುಹಾಕುವ ಪರದೆಯನ್ನು ಯಾರೂ ಬಂದು ಪರೀಕ್ಷಿಸುವುದಿಲ್ಲ. ಒಲೆಯ ಪಕ್ಕದ ಕಿಟಕಿಗೆ ಅಮ್ಮನ ಇಳಕಲ್ ಸೀರೆಯ ಪರದೆ ಹಾಕಬೇಕೆಂದು ಇಬ್ಬರಿಗೂ ಆಸೆ ಇತ್ತು. ಹಾಕಲಿಲ್ಲ. ಅಲ್ಲಿಗೆ ಅಲ್ಯೂಮಿನಿಯಂ ಪಟ್ಟಿಯ ಪರದೆ ಬಂತು.

ದೀಪದ ಕೆಲಸ ಸುಲಭ. ಹಳೆಯ ಬಲ್ಬು ಒಂದೊಂದು 18 ವ್ಯಾಟ್. ಹನ್ನೆರಡು ಬಲ್ಬು ಒಟ್ಟಿಗೆ ಉರಿದರೆ 12 ವೋಲ್ಟ್ ಬ್ಯಾಟರಿಯಿಂದ 18 ಆಂಪಿಯರ್ ಎಳೆಯುತ್ತವೆ. ಎರಡೂವರೆ ವ್ಯಾಟಿನ ಎಲ್‌ಇಡಿ ಹಾಕಿದ ಮೇಲೆ ಅದು ಎರಡೂವರೆ ಆಂಪಿಯರಿಗೆ ಇಳಿಯಿತು. ಕರೆಂಟ್ ಇಲ್ಲದ ಕಾಡಿನಲ್ಲಿ ರಾತ್ರಿ ಕಳೆಯುವವರಿಗೆ ಇದು ದೊಡ್ಡ ಉಳಿತಾಯ.

ಇಷ್ಟೆಲ್ಲ ಸುಸೂತ್ರವಾಗಿ ನಡೆಯಿತು. ಮೇ ತಿಂಗಳ ಒಂದು ಭಾನುವಾರ, ಮಕ್ಕಳು ಮಲಗಬೇಕಾದ ಮುಂಭಾಗದ ಅಟ್ಟದಲ್ಲಿ ಅಂಚುಪಟ್ಟಿ ಬಿಡಿಸುತ್ತಿದ್ದೆವು. ಒಂದು ಮೂಲೆಯಲ್ಲಿ ಪಟ್ಟಿಯ ಹಿಂದೆ ಚಹಾ ಚೆಲ್ಲಿದಂಥ ಕಲೆ. ಅಕ್ಕ ಬೆರಳಿನಿಂದ ಒತ್ತಿದಳು, ಹಲಗೆ ಒಳಗೆ ಹೋಯಿತು. ಸ್ಕ್ರೂಡ್ರೈವರ್ ತಾಗಿಸಿದರೆ ಖೋವಾದಲ್ಲಿ ಇಳಿದಂತೆ ಇಳಿಯಿತು. ತೇವ ಅಳೆಯುವ ಮೀಟರ್ ತಂದು ನೋಡಿದೆವು. ಮರದ ತೇವಾಂಶ ಶೇಕಡಾ 20 ದಾಟಿದರೆ ಕೊಳೆಯುವ ಭಯ. ಅಲ್ಲಿ ಅದು 30ರ ಮೇಲಿತ್ತು. ಇಂಥ ಗಾಡಿಗಳಲ್ಲಿ ಮುಂದೆ ಚಾಚಿದ ಆ ಭಾಗವೇ ಸೋರುವುದು ಹೆಚ್ಚು. ಓಡುವಾಗ ಮಳೆನೀರು ಗಾಳಿಯ ರಭಸಕ್ಕೆ ಅಲ್ಲಿಯ ಸಂದಿಗಳಿಗೇ ನುಗ್ಗುತ್ತದೆ. ಸಂದಿಯ ಅಂಟು ಒಣಗಿ ಬಿರಿದಿದ್ದರೆ ಒಳಗೆ ಬರುತ್ತದೆ. ನೀರು ಬರುವುದು ಒಂದು ಕಡೆ, ಕಲೆ ಕಾಣುವುದು ಇನ್ನೊಂದು ಕಡೆ.

ಭಾವ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಮೇಲಿಂದ ಅಂಟು ಬಳಿಯೋಣ. ಒಳಗೆ ಹೊಸ ತೆಳು ಹಲಗೆ ಹೊಡೆದು ಬಣ್ಣ ಹಚ್ಚೋಣ. ಎರಡು ದಿನದ ಕೆಲಸ. ಈ ವರ್ಷ ಹೋಗಿ ಬಂದು ಮುಂದಿನ ವರ್ಷ ಮಾರಿಬಿಡೋಣ.’ ಅವರದು ಕೆಟ್ಟ ಮನಸ್ಸಲ್ಲ. ರಜೆ ಮಂಜೂರಾಗಿತ್ತು, ಮಕ್ಕಳು ಗೆಳೆಯರಿಗೆಲ್ಲ ಹೇಳಿಕೊಂಡಿದ್ದರು, ದುಡ್ಡಿಗೂ ಮಿತಿ ಇತ್ತು. ಮುಚ್ಚಿಬಿಟ್ಟರೆ ಯಾರಿಗೂ ಕಾಣುತ್ತಿರಲಿಲ್ಲ.

ಅಕ್ಕ ಕೇಳಿದ್ದು ಒಂದೇ ಮಾತು. ‘ಮುಂದ ತಗೊಳ್ಳೋರ ಮಕ್ಕಳೂ ಇಲ್ಲೇ ಮಲಗ್ತಾರಲ್ಲ?’

ಅಲ್ಲಿಗೆ ಚರ್ಚೆ ಮುಗಿಯಿತು. ಕೆಲಸ ಶುರುವಾಯಿತು. ಕೊಳೆತ ಹಲಗೆಯನ್ನು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ ತೆಗೆದೆವು. ಒಳಗಿನ ಎರಡು ಪಟ್ಟಿಗಳೂ ಕಪ್ಪಾಗಿದ್ದವು, ಅವೂ ಹೋದವು. ಮಾಸ್ಕು, ಗ್ಲೌಸು ಹಾಕಿಕೊಂಡು ಬೂಷ್ಟು ಹಿಡಿದ ಭಾಗವನ್ನೆಲ್ಲ ಚೀಲಕ್ಕೆ ತುಂಬಿದೆವು. ಎರಡು ವಾರ ಫ್ಯಾನ್ ಹಾಕಿ ಒಣಗಲು ಬಿಟ್ಟೆವು. ಮೀಟರ್ 12ಕ್ಕೆ ಇಳಿಯುವವರೆಗೆ ಏನನ್ನೂ ಮುಚ್ಚಲಿಲ್ಲ. ಬಡಗಿಯೊಬ್ಬರು ಬಂದು ಪಟ್ಟಿ ಕೂಡಿಸಿಕೊಟ್ಟರು. ಭಾವ ಕಿಟಕಿಯ ಚೌಕಟ್ಟು ಬಿಚ್ಚಿ, ಬ್ಯುಟೈಲ್ ಅಂಟುಪಟ್ಟಿ ಇಟ್ಟು ಮತ್ತೆ ಕೂಡಿಸಿದರು. ಚಾವಣಿಯ ಅಂಚಿನ ಹಳೆಯ ಅಂಟನ್ನು ಕೆರೆದು ಹೊಸದು ತುಂಬಿದರು. ಕೊನೆಗೆ ಒಂದು ತಾಸು ಪೈಪಿನಿಂದ ನೀರು ಬಿಟ್ಟು, ನಾನು ಒಳಗೆ ಟಾರ್ಚ್ ಹಿಡಿದು ಕುಳಿತೆ. ಹನಿ ಬರಲಿಲ್ಲ. ಆಮೇಲೆಯೇ ಹೊಸ ಹಲಗೆ, ಪ್ರೈಮರ್, ಬಣ್ಣ.

ಮೂರು ಸಾವಿರದಲ್ಲಿ ಸಾವಿರದ ಒಂಬೈನೂರು ಡಾಲರ್ ಈ ಮೂಲೆಗೇ ಹೋಯಿತು. ಝಾಲರಿಗಳಿಗೆ ಹೊಸ ಬಟ್ಟೆ ಬರಲಿಲ್ಲ, ಹಿತ್ತಾಳೆ ಹಿಡಿಗಳು ಹಾಗೆಯೇ ಉಳಿದವು. ಜುಲೈಯಲ್ಲಿ ಅಕ್ಕನ ಸಂಸಾರ ಹೊರಟಾಗ ಎರಡು ಕಿಟಕಿಗಳ ತಲೆ ಬೋಳು! ಮಕ್ಕಳ ಅಟ್ಟಕ್ಕೆ ಮಾತ್ರ ಅಮ್ಮ ಕಳಿಸಿದ ಕೌದಿ ಹಾಸಿದ್ದೆವು.

ಕೌದಿ ಹೊಲಿಯುವುದನ್ನು ಧಾರವಾಡದ ಕಡೆಯವರು ನೋಡಿರುತ್ತೀರಿ. ನಮ್ಮಮ್ಮ ಹಳೆಯ ಸೀರೆಯನ್ನು ಮೊದಲು ಬೆಳಕಿಗೆ ಹಿಡಿಯುತ್ತಿದ್ದಳು. ಜೀರ್ಣವಾದ ಭಾಗವನ್ನು ಕತ್ತರಿಸಿ ಬದಿಗಿಟ್ಟು, ಗಟ್ಟಿಯಾದುದನ್ನಷ್ಟೇ ತುಂಡು ಮಾಡಿ ಕೂಡಿಸುತ್ತಿದ್ದಳು. ಪಿಂಜಿದ ಬಟ್ಟೆಯ ಮೇಲೆ ಹೊಸ ತುಂಡು ಹಚ್ಚಿದರೆ ಹೊಲಿಗೆ ಹಿಡಿಯುವುದಿಲ್ಲ ಎಂದು ಅವಳಿಗೆ ಯಾವ ಮೀಟರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಐಟಿಯಲ್ಲಿ ಹಳೆಯ ಸಾಫ್ಟ್‌ವೇರಿಗೆ ಹೊಸ ಸ್ಕ್ರೀನ್ ತೊಡಿಸಿ ‘ಹೊಸ ವರ್ಷನ್’ ಎನ್ನುವವರಿದ್ದಾರೆ. ಮೇಲೆ ಥಳುಕು, ಒಳಗೆ ಹುಳುಕು ಎನ್ನುವ ನಮ್ಮ ಗಾದೆ ಅವರಿಗಾಗಿಯೇ ಹುಟ್ಟಿದ್ದು ಅನ್ನಿಸುತ್ತದೆ.

ನಮ್ಮಲ್ಲಿ ಎಷ್ಟು ಜನರಿಗೆ ಮೋಟರ್‌ಹೋಮ್ ಇದೆ ಎಂದು ನೀವು ಕೇಳಬಹುದು. ಈಗ ನಮ್ಮ ದೇಶದಲ್ಲೂ ವ್ಯಾನುಗಳನ್ನು ಕ್ಯಾಂಪರ್ ಮಾಡಿಸುವವರು ಹೆಚ್ಚುತ್ತಿದ್ದಾರೆ. ಅಂಥವರು ನೆನಪಿಡಬೇಕು: ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಕೆಲಸ ಶುರು ಮಾಡುವ ಮೊದಲೇ ಆರ್‌ಟಿಓದಲ್ಲಿ ವಿಚಾರಿಸಿ.

ಗಾಡಿ ಇಲ್ಲದ ನಮಗೂ ಇದರಲ್ಲಿ ಪಾಲಿದೆ. ಪುಣೆಯ ಮಳೆಗಾಲ ನಿಮಗೆಲ್ಲ ಗೊತ್ತು. ಗೋಡೆಯ ಮೂಲೆಯಲ್ಲಿ ತೇವ ಬಂದು ಬಣ್ಣ ಉಬ್ಬುತ್ತದೆ. ದೀಪಾವಳಿ ಹತ್ತಿರ ಬರುತ್ತದೆ, ನೆಂಟರು ಬರುವವರಿದ್ದಾರೆ. ‘ಒಂದು ಪಿವಿಸಿ ಪ್ಯಾನೆಲ್ ಹೊಡೆಸಿಬಿಡಿ ಮೇಡಂ, ವಾಲ್‌ಪೇಪರ್ ಹಚ್ಚಿಬಿಡೋಣ, ಒಂದೇ ದಿನದ ಕೆಲಸ’ ಎನ್ನುತ್ತಾರೆ. ಹೊಡೆಸಿದರೆ ಕಲೆ ಕಾಣುವುದಿಲ್ಲ, ನೀರೇನೂ ನಿಲ್ಲುವುದಿಲ್ಲ. ಗಾಳಿ ಆಡದ ಆ ಸಂದಿಯಲ್ಲಿ ಬೂಷ್ಟು ಇನ್ನಷ್ಟು ಬೆಳೆಯುತ್ತದೆ. ಅದೇ ಕೋಣೆಯಲ್ಲಿ ಉಬ್ಬಸ ಇರುವ ಮಗುವೋ ಅತ್ತೆಯವರೋ ಮಲಗುತ್ತಾರೆ.

ಆದ್ದರಿಂದ ಗೆಳತಿಯರೇ, ಅಲಂಕಾರಕ್ಕೆ ಕೈ ಹಚ್ಚುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದರ ಹಿಂದೆ ಏನಿದೆ? ಇದರ ಭಾರವನ್ನು ಹೊರುವುದು ಏನು? ಬೆಂಕಿ ತಾಗಿದರೆ ಇದು ಏನಾಗುತ್ತದೆ? ಮೂರಕ್ಕೂ ಉತ್ತರ ಸಿಕ್ಕ ಮೇಲೆ ಬಣ್ಣ ಯಾವುದು, ಪರದೆ ಯಾವುದು ಎಂದು ಖುಷಿಯಿಂದ ಆರಿಸಿ. ‘ಇದು ಬರೀ ಅಲಂಕಾರ, ಹೆಂಗಸರ ವಿಷಯ’ ಎಂದು ಯಾರಾದರೂ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಗೋಡೆಯ ಹತ್ತಿರ ಹೋಗಿ ಬೆರಳಿನಿಂದ ಒತ್ತಿ ನೋಡುವವರು ಮನೆಯಲ್ಲಿ ಒಬ್ಬರಾದರೂ ಬೇಕು, ಅವರು ನಾವೇ ಆಗಿರಲಿ.

ಪ್ರೈಮರ್ ಬಗ್ಗೆ ಪ್ರಶ್ನೆ ಇದ್ದವರು ಉಪ್ಪಿಟ್ಟು-ಕೇಸರಿಬಾತಿನ ಹತ್ತಿರ ಸಿಗಿ.