ಎಲ್ಲಿ ಬಿದ್ದಿರಿ ಎಂದು ಹೇಳಿ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನನ್ನು, ಮಕ್ಕಳಿಗೆ ನಾಲ್ಕು ಮಾತು ಹೇಳು ಎಂದು ಕರೆದಿದ್ದೀರಿ. ಸಾಧನೆಯ ಮಾತುಗಳನ್ನು ಬೇರೆಯವರು ಆಡಿದ್ದಾರೆ. ನಾನು ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ.

ನನ್ನ ಅಕ್ಕನ ಮಗ ಪಿಯುಸಿ ಓದುವಾಗ ತಾನೇ ಕಲಿತು ಒಂದು ಕಂಪ್ಯೂಟರ್ ಆಟ ಮಾಡಿದ. ಅದನ್ನು ಪ್ಲಾಟ್‌ಫಾರ್ಮ್ ಗೇಮ್ ಅನ್ನುತ್ತಾರೆ. ಮಾರಿಯೋ ಆಡಿದವರಿಗೆ ಗೊತ್ತು. ಹಳ್ಳ ದಾಟುವಾಗ ನಾವು ಕಲ್ಲಿನಿಂದ ಕಲ್ಲಿಗೆ ಹಾರುವುದಿಲ್ಲವೇ, ಹಾಗೆ ಒಂದು ಪುಟ್ಟ ಗೊಂಬೆಯನ್ನು ಹಾರಿಸುತ್ತಾ ಹೋಗಬೇಕು. ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ಲಿಂಕ್ ಒತ್ತಿದರೆ ಬ್ರೌಸರಿನಲ್ಲೇ ತೆರೆಯುತ್ತದೆ. "ಮಾಮ, ಆಡಿ ನೋಡಿ ಹೇಗಿದೆ ಹೇಳು" ಎಂದು ಕಳಿಸಿದ.

ಆಫೀಸಿನಿಂದ ಬಂದವನು ಐದು ನಿಮಿಷ ಆಡಿದೆ. ಗೊಂಬೆ ಹುಚ್ಚು ಹಿಡಿದಂತೆ ಓಡುತ್ತಿತ್ತು. "ಆಡೋಕೇ ಆಗಲ್ಲ ಕಣೋ. ಮೊದಲು ಸರಿಯಾಗಿ ಕೋಡಿಂಗ್ ಕಲಿ" ಎಂದು ಬರೆದು ಮಲಗಿದೆ. "ಸರಿ ಮಾಮ" ಎಂದ. ಅಷ್ಟೇ.

ಎರಡು ತಿಂಗಳ ಮೇಲೆ ದೀಪಾವಳಿಗೆ ಊರಿಗೆ ಬಂದಾಗ, ಊಟ ಬಡಿಸುತ್ತಾ ಅಕ್ಕ ಕೇಳಿದಳು: "ಅವನಿಗೆ ಏನಂದ್ಯೋ? ಆವತ್ತಿನಿಂದ ಆ ಆಟ ತೆಗೆದೇ ನೋಡಿಲ್ಲ." ತುತ್ತು ಗಂಟಲಲ್ಲಿ ಸಿಕ್ಕಿಕೊಂಡಂತಾಯಿತು.

ಹುಡುಗನನ್ನು ಒಪ್ಪಿಸಿ ಅವನ ಹಳೆಯ ಲ್ಯಾಪ್‌ಟಾಪಿನಲ್ಲೇ ಆಟ ತೆರೆಸಿದೆ. ಗೊಂಬೆ ಹದವಾಗಿ ಓಡುತ್ತಿತ್ತು! ಕಾರಣ ಆಮೇಲೆ ತಿಳಿಯಿತು. ಅವನ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ನನ್ನದು 120 ಸಲ. ಚಿತ್ರ ಬದಲಾದಾಗಲೆಲ್ಲ ಗೊಂಬೆ ಒಂದು ಹೆಜ್ಜೆ ಸರಿಯಲಿ ಎಂದು ಅವನು ಬರೆದಿದ್ದ. ಹಾಗಾಗಿ ನನ್ನಲ್ಲಿ ಎರಡು ಪಟ್ಟು ವೇಗ. ಹೊಸದಾಗಿ ಬ್ರೌಸರ್ ಆಟ ಮಾಡುವವರಲ್ಲಿ ಇದು ಸಾಮಾನ್ಯ ತಪ್ಪು. ಚಿತ್ರಗಳನ್ನು ಎಣಿಸುವ ಬದಲು ಕಳೆದ ಸಮಯವನ್ನು ಲೆಕ್ಕ ಹಿಡಿದರೆ ಸರಿಹೋಗುತ್ತದೆ. "ನನ್ನ ಪರದೆ 120 ಹರ್ಟ್ಜ್, ಬ್ರೌಸರ್ ಇಂಥದ್ದು, ಗೊಂಬೆ ಬಹಳ ವೇಗವಾಗಿ ಓಡುತ್ತಿದೆ" ಎಂದು ಒಂದು ಸಾಲು ಬರೆದಿದ್ದರೆ ಅವನೇ ಕಾರಣ ಹುಡುಕುತ್ತಿದ್ದ. ನಾನು ಕಂಡದ್ದನ್ನು ಹೇಳಲಿಲ್ಲ, ತೀರ್ಪು ಕೊಟ್ಟೆ.

ಆ ದಿನ ಮತ್ತೆ ಕೂತು ಆಡಿದೆ. ಮೂರನೇ ಹಂತದ ಒಂದು ಕಲ್ಲಿನಿಂದ ಹತ್ತು ಸಲ ಹಾರಿದೆ, ಏಳು ಸಲ ಬಿದ್ದೆ. "ಬಟನ್ ಒತ್ತಿದ್ದೀನಿ ಅನ್ನಿಸುತ್ತೆ, ಆದರೂ ಬೀಳ್ತೀನಿ" ಎಂದೆ. ಪಕ್ಕದಲ್ಲಿ ಕೂತು ನನ್ನ ಬೆರಳನ್ನೇ ನೋಡುತ್ತಿದ್ದವನು, "ಮಾಮ, ನೀನು ಅಂಚು ದಾಟಿದ ಮೇಲೆ ಒತ್ತುತ್ತಿದ್ದೀಯ" ಎಂದ. ಕೂದಲೆಳೆಯಷ್ಟು ತಡ. ತಪ್ಪು ನನ್ನದೇ, ಆದರೆ ಆಡುವವರೆಲ್ಲ ಮಾಡುವ ತಪ್ಪು.

ಬಲ್ಲವರು ಇದಕ್ಕೆ ಉಪಾಯ ಕಂಡುಕೊಂಡಿದ್ದಾರೆ. 2015ರಲ್ಲಿ ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರಿ ಎಂಬಿಬ್ಬರು ನಾಲ್ಕೇ ದಿನಗಳಲ್ಲಿ 'ಸೆಲೆಸ್ಟ್' ಎಂಬ ಪುಟ್ಟ ಆಟ ಮಾಡಿದರು. ಅದನ್ನು ಈಗಲೂ ಬ್ರೌಸರಿನಲ್ಲಿ ಆಡಬಹುದು. ಅದೇ ಬೆಳೆದು 2018ರಲ್ಲಿ ದೊಡ್ಡ ಆಟವಾಗಿ ಹೆಸರು ಮಾಡಿತು. ಬೆಟ್ಟ ಹತ್ತುವ ಬಲು ಕಷ್ಟದ ಆಟ. ಆದರೂ ಕಾಲು ಅಂಚು ಬಿಟ್ಟ ಮೇಲೆ, ಸೆಕೆಂಡಿನ ಒಂದು ಸಣ್ಣ ಪಾಲಿನಷ್ಟು ಹೊತ್ತು, ಹಾರಲು ಬಿಡುತ್ತದೆ. ಇದಕ್ಕೆ 'ಕಯೋಟಿ ಟೈಮ್' ಎನ್ನುತ್ತಾರೆ. ಬಂಡೆಯಂಚು ದಾಟಿಯೂ ಕ್ಷಣಕಾಲ ಗಾಳಿಯಲ್ಲೇ ನಿಲ್ಲುವ ಕಾರ್ಟೂನ್ ಪ್ರಾಣಿಯಿಂದ ಬಂದ ಹೆಸರು. ನಮ್ಮ ಮಾತಿನಲ್ಲಿ, ಆ ಕ್ಷಣದ ತಪ್ಪು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಹುಡುಗ ಅದನ್ನು ಆ ರಾತ್ರಿಯೇ ಸೇರಿಸಿದ. ಬೆಳಿಗ್ಗೆ ಅಕ್ಕನೂ ಆ ಕಲ್ಲು ದಾಟಿದಳು!

ನಾನು ಕಲಿತದ್ದು ಇಷ್ಟು. ಯಾರಾದರೂ ತಾವು ಮಾಡಿದ್ದನ್ನು ತೋರಿಸಿದಾಗ ಎಲ್ಲಿ ಬಿದ್ದಿರಿ, ಎಷ್ಟು ಸಲ ಬಿದ್ದಿರಿ, ಆಗ ಏನು ಮಾಡಲು ಹೊರಟಿದ್ದಿರಿ ಎಂದು ಹೇಳಿ. ಬರಿದೇ "ಚೆನ್ನಾಗಿದೆ" ಎಂದರೂ ಉಪಯೋಗವಿಲ್ಲ. ಯಾವುದು ಚೆನ್ನಾಗಿದೆ ಎನ್ನಿ, ಇಲ್ಲದಿದ್ದರೆ ತಿದ್ದುವ ಭರದಲ್ಲಿ ಅದನ್ನೇ ತೆಗೆದುಹಾಕಿಯಾರು. ಹೇಗೆ ಸರಿಪಡಿಸಬೇಕೆಂಬುದನ್ನು ಮಾಡಿದವರಿಗೇ ಬಿಡಿ, ಆಟ ಅವರದು. ಮಾಡಿದವರೂ ಅಷ್ಟೇ, ಬೇರೆಯವರು ಆಡುವಾಗ ಬಾಯಿ ಹಾಕದೆ ನೋಡಬೇಕು.

ನಿಜ ಹೇಳಬೇಕೆಂದರೆ ಇದನ್ನು ನಾನು ಇದೇ ಶಾಲೆಯಲ್ಲಿ ಕಲಿತಿದ್ದೆ, ಮರೆತಿದ್ದೆ. ನಮ್ಮ ಗಣಿತದ ಮೇಷ್ಟ್ರು ತಪ್ಪಿದ ಲೆಕ್ಕದ ಮೇಲೆ ಕಾಟು ಹಾಕುತ್ತಿರಲಿಲ್ಲ. ತಪ್ಪಿದ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, "ಇಲ್ಲಿಯವರೆಗೆ ಸರಿ" ಎಂದು ಬರೆಯುತ್ತಿದ್ದರು. ಆ ಗೆರೆಯಿಂದ ಮುಂದಕ್ಕೆ ನಾವೇ ಮಾಡುತ್ತಿದ್ದೆವು.

ಈ ಶಾಲೆಯ ಮಕ್ಕಳು ನಾಳೆ ಒಂದು ಆಟ, ಒಂದು ಕವಿತೆ, ವಿಜ್ಞಾನ ಪ್ರದರ್ಶನದ ಒಂದು ಮಾದರಿ ಹಿಡಿದು ನಿಮ್ಮ ಮುಂದೆ ನಿಲ್ಲುತ್ತಾರೆ. ಆಗ ಆ ಕೆಂಪು ಗೆರೆ ನೆನಪಿರಲಿ.